ಪ್ರತಿ ಮೊಳೆಗೂ ಒಂದು ಖಾನೆ: ಫೈಲ್ ಜೋಡಿಸುವ ಕೆಲಸ ಸ್ಕ್ರಿಪ್ಟ್ ಕೈಗೆ

ಬಸವ ಜಯಂತಿ ಹತ್ತಿರ ಬಂತೆಂದರೆ ಗದುಗಿನ ಡಿಟಿಪಿ ಅಂಗಡಿಗಳಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸಿಕೊಡುವ ನಮ್ಮಂಥವರ ಅಂಗಡಿಗಳಲ್ಲಿ, ಕೂರಲು ಜಾಗ ಇರುವುದಿಲ್ಲ. ಅಕ್ಷಯ ತೃತೀಯವೂ ಅದೇ ಹೊತ್ತಿಗೆ. ಲಗ್ನಗಳ ಸುಗ್ಗಿ. ಅಂಥ ಒಂದು ಮಧ್ಯಾಹ್ನ ಗಿರಾಕಿಯೊಬ್ಬರು ಬಂದು, "ಅಣ್ಣಾರ, ಎರಡ್ ವರ್ಷದ ಹಿಂದ ನಮ್ಮ ಅಕ್ಕನ ಲಗ್ನದ ಪತ್ರಿಕಾ ನೀವ ಮಾಡಿದ್ರಿ. ಅದ ಡಿಸೈನ್ ಬೇಕ್ರೀ, ಹೆಸರಷ್ಟ ಬದಲ ಮಾಡ್ರಿ" ಎಂದರು. "ಕುಂದರ್ರಿ, ಐದ ನಿಮಿಷ" ಎಂದೆ. ಮುಕ್ಕಾಲು ಗಂಟೆ ಹುಡುಕಿದೆ. 'ಲಗ್ನ ಫೈನಲ್' ಸಿಕ್ಕಿತು. 'ಲಗ್ನ ಫೈನಲ್ 2' ಸಿಕ್ಕಿತು. 'ಹೊಸದು', 'ಹೊಸದು (3)', 'ಇದೇ ಪ್ರಿಂಟ್ ಕೊಡು' ಎಲ್ಲ ಸಿಕ್ಕವು. ಬೇಕಾದದ್ದು ಮಾತ್ರ ಸಿಗಲಿಲ್ಲ. ಮೊದಲಿನಿಂದ ಟೈಪ್ ಮಾಡಿಕೊಟ್ಟೆ.

ಹಿಂದೆ ಕೂತು ಪ್ರೂಫ್ ನೋಡುತ್ತಿದ್ದ ನಮ್ಮ ಕಾಕಾ ಕನ್ನಡಕ ತೆಗೆದು ನಕ್ಕರು. ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆಯಲ್ಲ, ಆ ಹೆಸರು ಗಳಿಸಿಕೊಟ್ಟ ಮೊಳೆ ಅಚ್ಚಿನ ಕಾಲದಲ್ಲಿ ಅವರು ಮೊಳೆ, ಅಂದರೆ ಲೋಹದ ಅಚ್ಚಕ್ಷರ, ಜೋಡಿಸುವ ಕಂಪೋಸಿಟರ್ ಆಗಿದ್ದವರು. "ನಮ್ಮ ಕಾಲದಾಗ ಅಚ್ಚ ಮುಗದ್ರ ಕೆಲಸ ಮುಗೀತಿರಲಿಲ್ಲೋ. ಮೊಳಿ ಎಲ್ಲಾ ತೊಳದು, ತಿರುಗಿ ತಮ್ಮ ತಮ್ಮ ಖಾನೇಕ್ಕ ಹಾಕಬೇಕಿತ್ತು. ನೀ ಅದನ್ನ ಒಂದ ದಿವಸಾನೂ ಮಾಡಿಲ್ಲ" ಎಂದರು.

ಮಾತು ನಾಟಿತು. ಮೊಳೆ ಅಚ್ಚಿನಲ್ಲಿ ಪ್ರತಿ ಅಕ್ಷರಕ್ಕೂ ಮರದ ಕೇಸಿನಲ್ಲಿ ಒಂದು ಖಾನೆ ಇರುತ್ತಿತ್ತು. 'ಕ' ಖಾನೆಗೆ ಒಂದು 'ಗ' ಬಿದ್ದರೆ ಮುಂದಿನ ಕೆಲಸದಲ್ಲಿ ತಪ್ಪು ಅಚ್ಚಾಗುತ್ತಿತ್ತು. ಮೊಳೆ ಮರಳಿಸುವ ಕೆಲಸಕ್ಕೆ ಬುದ್ಧಿಗಿಂತ ಬೇಸರಪಡದ ಗುಣ ಬೇಕು. ನನಗೆ ಆ ಗುಣ ಇಲ್ಲ. ಕಂಪ್ಯೂಟರ್‌ಗೆ ಇದೆ.

ಹಾಗಾದರೆ ಸ್ಕ್ರಿಪ್ಟ್ ಎಂದರೇನು? ನೀವು ಮೌಸ್ ಹಿಡಿದು ಮಾಡುವ ಕೆಲಸವನ್ನು ಸಾಲು ಸಾಲಾಗಿ ಬರೆದಿಟ್ಟ ಒಂದು ಚೀಟಿ, ಅಷ್ಟೆ. ಸಾದಾ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡಿನಲ್ಲಿ ಬರೆಯಬಹುದು. ಕಂಪ್ಯೂಟರ್ ಅದನ್ನು ಮೇಲಿನಿಂದ ಕೆಳಗೆ ಓದಿಕೊಂಡು ಹೇಳಿದ್ದನ್ನು ಮಾಡುತ್ತದೆ. ವಿಂಡೋಸಿನಲ್ಲಿ, ಅದಕ್ಕೂ ಹಿಂದಿನ ಡಾಸ್ ಕಾಲದ ಬ್ಯಾಚ್ ಫೈಲ್ ಇದೆ. 2006ರಲ್ಲಿ ಬಂದ ಪವರ್‌ಶೆಲ್ ಇದೆ. ಲಿನಕ್ಸಿನಲ್ಲಿ ಶೆಲ್ ಸ್ಕ್ರಿಪ್ಟ್. ಎಲ್ಲ ಕಡೆ ನಡೆಯುವುದು ಬೇಕೆಂದರೆ ಪೈಥಾನ್. ನಾನು ಪವರ್‌ಶೆಲ್ ಹಿಡಿದಿದ್ದು ಒಂದೇ ಕಾರಣಕ್ಕೆ: ವಿಂಡೋಸ್ 10 ಮತ್ತು 11ರಲ್ಲಿ ಅದರ 5.1 ಆವೃತ್ತಿ ಮೊದಲೇ ಕೂತಿರುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನಾನಿಲ್ಲಿ ಅವುಗಳ ಉಚ್ಚಾರವನ್ನಷ್ಟೇ ಬರೆಯುತ್ತೇನೆ. ಆಜ್ಞೆ ಹೇಗೆ ಟೈಪ್ ಮಾಡುವುದೆಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ಈಗಂತೂ ಎಐ ಚಾಟ್ ಕೇಳಿದ ಕೂಡಲೇ ಬರೆದುಕೊಡುತ್ತದೆ. ಕಷ್ಟ ಇರುವುದು ಅಲ್ಲಲ್ಲ. ಯಾವ ಫೈಲ್ ಯಾವ ಖಾನೆಗೆ ಹೋಗಬೇಕು ಎಂದು ನೀವು ಸರಿಯಾಗಿ ಹೇಳಬಲ್ಲಿರಾ, ಅಲ್ಲಿದೆ.

ಕಂಪ್ಯೂಟರ್‌ಗೆ ಏನು ಗೊತ್ತು?

ಒಂದು ಫೈಲ್ ನೋಡಿದರೆ ನಿಮಗೆ ತುಂಬ ಗೊತ್ತಾಗುತ್ತದೆ. ಇದು ಹೊಂಬಳದವರ ಲಗ್ನಪತ್ರಿಕೆ, ಎರಡು ಸಲ ತಿದ್ದಿದ್ದು, ಇನ್ನೂ ಹಣ ಬಾಕಿ. ಸ್ಕ್ರಿಪ್ಟ್‌ಗೆ ಸುಲಭವಾಗಿ ಕಾಣುವುದು ನಾಲ್ಕೇ ಸಂಗತಿ. ಹೆಸರು. ಹೆಸರಿನ ಬಾಲ, ಅಂದರೆ ಎಕ್ಸ್‌ಟೆನ್ಷನ್. ಗಾತ್ರ. ತಾರೀಖು. ಉಳಿದದ್ದೆಲ್ಲ ನಿಮ್ಮ ತಲೆಯಲ್ಲಿದೆ. ತಲೆಯಲ್ಲಿರುವುದು ಸ್ಕ್ರಿಪ್ಟ್‌ಗೆ ತಲುಪಬೇಕಾದರೆ ಅದನ್ನು ಹೆಸರಿಗೆ ಇಳಿಸಬೇಕು. ಬೇರೆ ದಾರಿ ಇಲ್ಲ.

ಅದಕ್ಕೇ ನಾನು ಮೊದಲ ವಾರ ಸ್ಕ್ರಿಪ್ಟ್ ಬರೆಯಲೇ ಇಲ್ಲ. ಹಳೇ ಬಿಲ್‌ಬುಕ್ಕಿನ ಹಿಂದೆ ಹೆಸರಿಡುವ ಪದ್ಧತಿ ಬರೆದೆ. ತಾರೀಖು, ಕೆಲಸ, ಊರು, ತಿದ್ದಿದ ಸಂಖ್ಯೆ. ಉದಾಹರಣೆಗೆ '2025-04-30_ಲಗ್ನ_ಹೊಂಬಳ_02'. ಕೆಲಸದ ಜಾಗದಲ್ಲಿ ಐದೇ ಮಾತು: ಲಗ್ನ, ವಾಸ್ತುಶಾಂತಿ, ಬಿಲ್‌ಬುಕ್, ಬ್ಯಾನರ್, ಇತರೆ. ಒಮ್ಮೆ 'ಮದುವೆ', ಒಮ್ಮೆ 'ಲಗ್ನ' ಎಂದು ಬರೆದರೆ ಸ್ಕ್ರಿಪ್ಟ್‌ಗೆ ಅವು ಎರಡು ಬೇರೆ ಕೆಲಸಗಳೇ.

ತಾರೀಖು ಯಾಕೆ ತಿರುಗುಮುರುಗು? ನಾವು ಬರೆಯುವುದು 30-04-2025 ಎಂದು, ಅಲ್ವಾ? ಆದರೆ ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಹೋಲಿಸುತ್ತದೆ. ದಿನ ಮುಂದಿದ್ದರೆ ಎಲ್ಲ ತಿಂಗಳ 1ನೇ ತಾರೀಖುಗಳು ಒಟ್ಟಿಗೆ ಬರುತ್ತವೆ, ಆಮೇಲೆ ಎಲ್ಲ 2ನೇ ತಾರೀಖುಗಳು. ವರ್ಷ, ತಿಂಗಳು, ದಿನ ಎಂದು ಬರೆದರೆ ಹೆಸರಿನ ಸಾಲೇ ಕಾಲದ ಸಾಲಾಗುತ್ತದೆ. ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಪದ್ಧತಿಯೂ ಇದನ್ನೇ ಹೇಳುತ್ತದೆ. ತಿಂಗಳು ಒಂದೇ ಅಂಕಿಯದಾದರೆ ಮುಂದೆ ಸೊನ್ನೆ ಮರೆಯಬೇಡಿ. ಮತ್ತೆ ನಡುವೆ ಓರೆಗೆರೆ ಹಾಕಬೇಡಿ. ವಿಂಡೋಸ್ ಫೈಲ್ ಹೆಸರಿನಲ್ಲಿ ಒಂಬತ್ತು ಚಿಹ್ನೆ ಬಿಡುವುದಿಲ್ಲ: ಎರಡು ಕಡೆಯ ಓರೆಗೆರೆ, ಕೋಲನ್, ನಕ್ಷತ್ರ, ಪ್ರಶ್ನೆ ಚಿಹ್ನೆ, ಜೋಡಿ ಉದ್ಧರಣ ಚಿಹ್ನೆ, ಎರಡು ಕಡೆಯ ಬಾಣದ ತುದಿ, ನೆಟ್ಟನೆ ಗೆರೆ. ಇನ್ನೊಂದು ತಮಾಷೆ ಇದೆ. ಇಂಗ್ಲಿಷಿನ ಪಿ, ಆರ್, ಎನ್ ಮೂರೇ ಅಕ್ಷರದ ಹೆಸರನ್ನೂ ಅದು ಬಿಡುವುದಿಲ್ಲ. ಡಾಸ್ ಕಾಲದಲ್ಲಿ ಅದು ಪ್ರಿಂಟರ್‌ಗೆ ಮೀಸಲಿಟ್ಟ ಹೆಸರು. ಪ್ರಿಂಟಿಂಗ್ ಅಂಗಡಿಯವರಿಗೇ ಆ ಹೆಸರಿಡುವ ಆಸೆ ಬರುವುದು.

ಹೆಸರು ಸರಿಯಾದರೆ ಆರಿಸುವುದು ಸುಲಭ. ಪಿನ್‌ಕೋಡ್ ನೆನಪಿಸಿಕೊಳ್ಳಿ. ಗದಗ 582101, ಬೆಟಗೇರಿ 582102, ಹುಬ್ಬಳ್ಳಿ 580020, ಹಾವೇರಿ 581110. ಅಂಚೆಯವರು ಪತ್ರ ವಿಂಗಡಿಸುವಾಗ ಮೊದಲು ಎಡಗಡೆಯ ಮೂರು ಅಂಕಿ ನೋಡಿದರೆ ಸಾಕು, ಯಾವ ಕಡೆಯ ಚೀಲ ಎಂದು ಗೊತ್ತಾಗುತ್ತದೆ. ಸ್ಕ್ರಿಪ್ಟ್‌ನಲ್ಲಿ ಈ ಕೆಲಸಕ್ಕೆ ನಕ್ಷತ್ರ ಚಿಹ್ನೆ ಇದೆ. '582*' ಎಂದರೆ 582ರಿಂದ ಶುರುವಾಗುವ, ಮುಂದೆ ಏನು ಬೇಕಾದರೂ ಇರುವ ಹೆಸರು. ಪ್ರಶ್ನೆ ಚಿಹ್ನೆ ಎಂದರೆ ಒಂದೇ ಒಂದು ಅಕ್ಷರ. '58210?' ಎಂದರೆ ಗದಗ, ಬೆಟಗೇರಿ ಎರಡೂ ಬರುತ್ತವೆ, ಹುಬ್ಬಳ್ಳಿ ಬರುವುದಿಲ್ಲ. ಹಾಗೆಯೇ '2025*ಲಗ್ನ*' ಎಂದರೆ ಆ ವರ್ಷದ ಲಗ್ನಪತ್ರಿಕೆಗಳೆಲ್ಲ.

ಗಿರಾಕಿಗಳು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋಗಳಿಗೆ ನಮ್ಮ ಪದ್ಧತಿ ಇರುವುದಿಲ್ಲ, ನಿಜ. ಆದರೆ ಅವುಗಳ ಹೆಸರಿನಲ್ಲೇ ತಾರೀಖು ಇರುತ್ತದೆ. ಆಂಡ್ರಾಯ್ಡ್ ಫೋನಿನಿಂದ ತೆಗೆದುಕೊಂಡರೆ 'ಐಎಂಜಿ-20250430-ಡಬ್ಲ್ಯುಎ0007' ಎಂಬಂಥ ಹೆಸರು. ನಡುವಿನ ಎಂಟು ಅಂಕಿ ಕತ್ತರಿಸಿಕೊಂಡರೆ ವರ್ಷ, ತಿಂಗಳು, ದಿನ ಕೈಗೆ ಬಂತು. ಫೈಲ್‌ನ ಸ್ವಂತ ತಾರೀಖನ್ನು ನಂಬುವುದಕ್ಕಿಂತ ಇದು ಮೇಲು. ಯಾಕೆಂದರೆ ಫೈಲ್‌ಗೆ ಮುಖ್ಯವಾಗಿ ಎರಡು ತಾರೀಖು ಇರುತ್ತವೆ, ಹುಟ್ಟಿದ್ದು ಮತ್ತು ಕೊನೆಗೆ ತಿದ್ದಿದ್ದು. ಪೆನ್‌ಡ್ರೈವ್‌ನಿಂದ ಕಾಪಿ ಮಾಡಿದರೆ ಹುಟ್ಟಿದ ತಾರೀಖು ಕಾಪಿ ಮಾಡಿದ ದಿನದ್ದಾಗುತ್ತದೆ, ತಿದ್ದಿದ ತಾರೀಖು ಹಳೆಯದೇ ಉಳಿಯುತ್ತದೆ. ಹುಟ್ಟುವ ಮೊದಲೇ ತಿದ್ದಿಸಿಕೊಂಡ ಫೈಲ್! ಹೆಸರಿನಲ್ಲಿ ತಾರೀಖು ಇಲ್ಲದಾಗ ಮಾತ್ರ ನಾನು ತಿದ್ದಿದ ತಾರೀಖು ಹಿಡಿಯುತ್ತೇನೆ.

ಚೀಟಿಯಲ್ಲಿ ಏನಿದೆ?

ನನ್ನ ಸ್ಕ್ರಿಪ್ಟನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ. ಡೌನ್‌ಲೋಡ್ಸ್ ಫೋಲ್ಡರ್‌ನ ಫೈಲ್‌ಗಳನ್ನು ಒಂದೊಂದಾಗಿ ತೆಗೆದುಕೋ. ಕಳೆದ ಒಂದು ಗಂಟೆಯಲ್ಲಿ ಯಾರಾದರೂ ಅದನ್ನು ತಿದ್ದಿದ್ದರೆ ಮುಟ್ಟಬೇಡ, ಕೆಲಸ ನಡೆಯುತ್ತಿರಬಹುದು. ಕೋರೆಲ್‌ಡ್ರಾ ತಾನೇ ಮಾಡಿಟ್ಟ 'ಬ್ಯಾಕಪ್ ಆಫ್' ಎಂದು ಶುರುವಾಗುವ ಫೈಲ್ ಆದರೂ ಬಿಡು. ಹೆಸರಿನಿಂದ ವರ್ಷ ಮತ್ತು ಕೆಲಸ ತಿಳಿದುಕೋ. ಆ ವರ್ಷದ, ಆ ಕೆಲಸದ ಫೋಲ್ಡರ್ ಇದೆಯಾ ನೋಡು. ಇಲ್ಲದಿದ್ದರೆ ಮೊದಲು ಮಾಡು. ಅಲ್ಲಿ ಅದೇ ಹೆಸರಿನ ಫೈಲ್ ಇದೆಯಾ ನೋಡು. ಇದ್ದರೆ ಹೊಸದರ ಹೆಸರಿಗೆ ಒಂದು ಅಂಕಿ ಸೇರಿಸು. ಆಮೇಲೆ ಸಾಗಿಸು. ಸಾಗಿಸಿದ್ದನ್ನು ಡೈರಿಯಲ್ಲಿ ಬರೆ. ಏನೂ ತಿಳಿಯದಿದ್ದರೆ 'ಇತರೆ'ಗೆ ಹಾಕು.

'ಫೋಲ್ಡರ್ ಇದೆಯಾ ನೋಡು' ಎಂಬ ಸಾಲು ಸುಮ್ನೆ ಬರೆದದ್ದಲ್ಲ. ಇಲ್ಲದ '2025' ಫೋಲ್ಡರ್‌ಗೆ ಒಂದು ಫೋಟೋ ಸಾಗಿಸು ಎಂದರೆ ಪವರ್‌ಶೆಲ್‌ನ ಮೂವ್-ಐಟಂ ಫೋಲ್ಡರ್ ಮಾಡುವುದಿಲ್ಲ. ಆ ಫೋಟೋಗೇ '2025' ಎಂದು ಹೆಸರಿಡುತ್ತದೆ. ಬಾಲವೂ ಹೋಯಿತು, ಹೆಸರೂ ಹೋಯಿತು. ಅದೇ ಹೆಸರಿನ ಫೈಲ್ ಅಲ್ಲಿದ್ದರೆ ಮೂವ್-ಐಟಂ ದೋಷ ತೋರಿಸಿ ನಿಲ್ಲುತ್ತದೆ, ಅದು ಒಳ್ಳೆಯದು. ಹಳೇ ಬ್ಯಾಚ್ ಫೈಲ್‌ನೊಳಗಿನ ಮೂವ್ ಆಜ್ಞೆ ಕೇಳುವುದೂ ಇಲ್ಲ, ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ.

ಶುರುವಿನಲ್ಲಿ ಇನ್ನೊಂದು ಗೊಂದಲ ಆಗುತ್ತದೆ. ಬರೆದ ಪವರ್‌ಶೆಲ್ ಸ್ಕ್ರಿಪ್ಟ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಓಡುವುದಿಲ್ಲ, ನೋಟ್‌ಪ್ಯಾಡಿನಲ್ಲಿ ತೆರೆದುಕೊಳ್ಳುತ್ತದೆ. ಕೆಟ್ಟವರು ಕಳಿಸಿದ ಸ್ಕ್ರಿಪ್ಟ್ ಒಂದು ಕ್ಲಿಕ್ಕಿಗೆ ಓಡಬಾರದೆಂದು ಹಾಗೆ ಇಟ್ಟಿದ್ದಾರೆ. ಎಕ್ಸಿಕ್ಯೂಷನ್ ಪಾಲಿಸಿ ಎಂಬ ಬೀಗವೂ ಇದೆ. ಅದನ್ನು 'ರಿಮೋಟ್ ಸೈನ್ಡ್' ಎಂದು ಬದಲಿಸಿದರೆ ನೀವೇ ಬರೆದದ್ದು ಓಡುತ್ತದೆ, ಇಂಟರ್‌ನೆಟ್‌ನಿಂದ ಇಳಿಸಿದ್ದಕ್ಕೆ ಸಹಿ ಬೇಕಾಗುತ್ತದೆ. ಪೂರ್ತಿ ಬೀಗ ತೆಗೆಯಿರಿ ಎನ್ನುವವರ ಮಾತು ಕೇಳಬೇಡಿ.

ಮೊದಲ ಸಲ ನಿಜವಾಗಿ ಓಡಿಸಲೇಬೇಡಿ. ಆಜ್ಞೆಯ ಕೊನೆಗೆ 'ವಾಟ್‌ಇಫ್' ಎಂದು ಸೇರಿಸಿದರೆ ಪವರ್‌ಶೆಲ್ ಏನನ್ನೂ ಮುಟ್ಟದೆ, 'ನಾನು ಇದನ್ನು ಇಲ್ಲಿಂದ ಅಲ್ಲಿಗೆ ಸಾಗಿಸುತ್ತಿದ್ದೆ' ಎಂದು ಪಟ್ಟಿ ಕೊಡುತ್ತದೆ. ಇದೇ ನಮ್ಮ ಪ್ರೂಫ್. ಪ್ರೂಫ್ ನೋಡದೆ ಸಾವಿರ ಪ್ರತಿ ಯಾರೂ ಹೊಡೆಯುವುದಿಲ್ಲ ತಾನೆ? ಅಳಿಸುವ ಆಜ್ಞೆಯಂತೂ ನನ್ನ ಸ್ಕ್ರಿಪ್ಟ್‌ನಲ್ಲಿ ಇಲ್ಲವೇ ಇಲ್ಲ. ಮೌಸ್‌ನಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುತ್ತದೆ. ಸ್ಕ್ರಿಪ್ಟ್‌ನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ನೇರ ಹೋಗಿಬಿಡುತ್ತದೆ.

ಕನ್ನಡ ಹೆಸರಿನ ತಂಟೆ

ಇಲ್ಲಿಂದ ಮುಂದಿನದು ಇಂಗ್ಲಿಷ್ ಪಾಠಗಳಲ್ಲಿ ಸಿಗುವುದು ಕಡಿಮೆ. ನಾನು ಮೂರು ದಿನ ತಲೆ ಕೆರೆದುಕೊಂಡು ಕಲಿತದ್ದು.

ಸ್ಕ್ರಿಪ್ಟ್‌ನೊಳಗೆ 'ಲಗ್ನ' ಎಂದು ಕನ್ನಡದಲ್ಲಿ ಬರೆದಿದ್ದೆ. ಓಡಿಸಿದರೆ ಒಂದು ಫೈಲೂ ಹೊಂದಲಿಲ್ಲ. ಕಾರಣ ಇದು. ವಿಂಡೋಸ್ ಜತೆ ಬರುವ ಪವರ್‌ಶೆಲ್ 5.1, ಸ್ಕ್ರಿಪ್ಟ್ ಫೈಲ್‌ನ ತಲೆಯಲ್ಲಿ ಒಂದು ಗುರುತು ಇಲ್ಲದಿದ್ದರೆ ಅದನ್ನು ಹಳೇ ಕಾಲದ ಅಕ್ಷರಪಟ್ಟಿಯಲ್ಲಿ ಓದುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ನಮ್ಮ 'ಲಗ್ನ' ಅದಕ್ಕೆ ಕಸದಂತೆ ಕಾಣುತ್ತದೆ. ಆ ಗುರುತಿಗೆ ಬಾಮ್ ಎನ್ನುತ್ತಾರೆ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡುವಾಗ ಕೆಳಗೆ 'ಯುಟಿಎಫ್-8 ವಿತ್ ಬಾಮ್' ಎಂದು ಆರಿಸಿದರೆ ಮುಗಿಯಿತು. ಪವರ್‌ಶೆಲ್ 7 ಹಾಕಿಕೊಂಡರೆ ಈ ರಗಳೆ ಇಲ್ಲ.

ಎರಡನೆಯದು ಇನ್ನೂ ವಿಚಿತ್ರ. ಒಂದೇ ಜಾಗದಲ್ಲಿ 'ಬಿಲ್‌ಬುಕ್' ಎಂಬ ಎರಡು ಫೋಲ್ಡರ್. ಅಕ್ಷರ ಅಕ್ಷರ ನೋಡಿದರೂ ವ್ಯತ್ಯಾಸ ಇಲ್ಲ. ಒಂದೇ ಹೆಸರಿನ ಎರಡು ಫೋಲ್ಡರ್ ಒಂದೇ ಕಡೆ ಇರಲು ಸಾಧ್ಯವೇ ಇಲ್ಲವಲ್ಲ? ಇತ್ತು, ಯಾಕೆಂದರೆ ಹೆಸರು ಒಂದೇ ಅಲ್ಲ. ಅರ್ಧಾಕ್ಷರದ ನಂತರ ಒತ್ತು ಬೀಳದಂತೆ ತಡೆಯಲು ಕನ್ನಡದಲ್ಲಿ ಒಂದು ಕಾಣದ ಚಿಹ್ನೆ ಬಳಸುತ್ತೇವೆ. ಯುನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ) ಅದರ ಸಂಖ್ಯೆ 200ಸಿ. 'ಬಿಲ್' ಮತ್ತು 'ಬುಕ್' ನಡುವೆ ಅದು ಬೇಕು, ಇಲ್ಲದಿದ್ದರೆ ಲಕಾರಕ್ಕೆ ಬಕಾರ ಒತ್ತಾಗುತ್ತದೆ. ಆದರೆ ಕೆಲವು ಕೀಬೋರ್ಡ್‌ಗಳು ಪದದ ಕೊನೆಯ 'ಕ್' ಆದಮೇಲೂ ಅದನ್ನು ತುರುಕುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಡಿಸ್ಕಿನಲ್ಲಿ ಕೂತಿರುತ್ತದೆ. ನನ್ನ ಫೋನಿನಿಂದ ಬಂದ ಹೆಸರು, ಅಂಗಡಿಯಲ್ಲಿ ಟೈಪ್ ಮಾಡಿದ ಹೆಸರು ಬೇರೆ ಬೇರೆಯಾದದ್ದು ಹಾಗೆ. ಈಗ ಸ್ಕ್ರಿಪ್ಟ್ ಮೊದಲು ಹೆಸರಿನ ಕೊನೆಯಲ್ಲಿರುವ 200ಸಿಯನ್ನು ಒರೆಸಿ ಆಮೇಲೆ ಹೋಲಿಸುತ್ತದೆ.

ಇನ್ನು ಹಳೇ ನುಡಿ ಫಾಂಟಿನ ಫೈಲ್‌ಗಳು. ಯುನಿಕೋಡ್‌ಗೆ ಮುಂಚಿನ ಆ ಫಾಂಟ್‌ಗಳಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ, ಮೇಲೆ ತೊಡಿಸಿರುವುದು ಕನ್ನಡದ ವೇಷ. ಅದರೊಳಗೆ 'ಹೊಂಬಳ' ಹುಡುಕು ಎಂದರೆ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ. ಅಂಥವುಗಳಿಗೆ ಕೈಯಿಂದಲೇ ಹೆಸರಿಡಬೇಕು. ನಾನು ದಿನಕ್ಕೆ ಹತ್ತರಂತೆ ಇಡುತ್ತಿದ್ದೇನೆ.

ಪೇಜ್‌ಮೇಕರ್ ಇನ್ನೂ ಬಳಸುವವರಿಗೆ ಒಂದು ಮಾತು. ಪುಟದಲ್ಲಿ ಕಾಣುವ ಫೋಟೋ ಎಷ್ಟೋ ಸಲ ಫೈಲ್‌ನೊಳಗೆ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಸ್ಕ್ರಿಪ್ಟ್ ಆ ಫೋಟೋವನ್ನು ಬೇರೆ ಖಾನೆಗೆ ಸಾಗಿಸಿದರೆ ಕೊಂಡಿ ಕಳಚಿತು. ಹಾಗಾಗಿ ನಡೆಯುತ್ತಿರುವ ಕೆಲಸಗಳಿಗೆ ಪ್ರತ್ಯೇಕ ಫೋಲ್ಡರ್ ಇಡಿ. ಸ್ಕ್ರಿಪ್ಟ್ ಅಲ್ಲಿಗೆ ಕಾಲಿಡದಿರಲಿ.

ಗಿರಾಕಿಯ ಪೆನ್‌ಡ್ರೈವ್

ಜೋಡಿಸುವುದು ಸರಿಹೋದ ಮೇಲೆ ಹುಮ್ಮಸ್ಸು ಬಂತು. ಬ್ಯಾಕಪ್ ಕೂಡ ತಾನೇ ಆಗಲಿ ಎಂದು ರೋಬೋಕಾಪಿ ಹಿಡಿದೆ. ಹೆಸರು ಕೇಳಿ ರೋಬೋಟ್ ಎಂದುಕೊಳ್ಳಬೇಡಿ. ರೋಬಸ್ಟ್ ಎಂದರೆ ಗಟ್ಟಿಮುಟ್ಟು, ಅದರಿಂದ ಬಂದದ್ದು. ವಿಸ್ಟಾದಿಂದ ಈಚೆಗೆ ವಿಂಡೋಸ್‌ನಲ್ಲೇ ಇದೆ. ಬದಲಾದ ಫೈಲ್‌ಗಳನ್ನು ಮಾತ್ರ ಕಾಪಿ ಮಾಡುತ್ತದೆ, ಹಾಗಾಗಿ ಬೇಗ ಮುಗಿಯುತ್ತದೆ. ಅದರಲ್ಲಿ ಮಿರರ್ ಎಂಬ ಆಯ್ಕೆ ಇದೆ. ಕನ್ನಡಿಯಂತೆ ಆ ಕಡೆಯನ್ನು ಈ ಕಡೆಯ ಹಾಗೆಯೇ ಮಾಡುತ್ತದೆ. ಅಂದರೆ ಈ ಕಡೆ ಇಲ್ಲದ್ದು ಆ ಕಡೆ ಇದ್ದರೆ ಅಳಿಸುತ್ತದೆ. ಈ ಎರಡನೇ ಅರ್ಧವನ್ನು ನಾನು ಓದಿದ್ದೆ, ಮನಸ್ಸಿಗೆ ತೆಗೆದುಕೊಂಡಿರಲಿಲ್ಲ.

ಚುಚ್ಚಿದ ಪ್ರತಿ ಡಿಸ್ಕಿಗೂ ವಿಂಡೋಸ್ ಒಂದು ಇಂಗ್ಲಿಷ್ ಅಕ್ಷರ ಕೊಡುತ್ತದೆ. ಬ್ಯಾಕಪ್ ಡಿಸ್ಕ್ ಯಾವಾಗಲೂ 'ಇ' ಎಂಬ ಅಕ್ಷರ ಪಡೆಯುತ್ತಿತ್ತು. ಸ್ಕ್ರಿಪ್ಟ್‌ನಲ್ಲಿ ಅದನ್ನೇ ಬರೆದಿದ್ದೆ. ಒಂದು ದಿನ ಡಿಸ್ಕ್ ಚುಚ್ಚುವ ಮೊದಲು ಗಿರಾಕಿಯೊಬ್ಬರು ಪೆನ್‌ಡ್ರೈವ್ ಕೊಟ್ಟು ಬ್ಯಾನರ್‌ಗೆ ಫೋಟೋ ತೆಗೆದುಕೊಳ್ಳಿ ಎಂದರು. ಖಾಲಿ ಇದ್ದ 'ಇ' ಅಕ್ಷರ ಆ ಪೆನ್‌ಡ್ರೈವ್‌ಗೆ ಹೋಯಿತು. ಬ್ಯಾಕಪ್ ಓಡುವ ಹೊತ್ತಾಯಿತು. ಅವರ ಫೋಟೋಗಳು ನನ್ನ ಡಿಸ್ಕಿನಲ್ಲಿ ಇಲ್ಲವಲ್ಲ, ಕನ್ನಡಿ ಶಿಸ್ತಾಗಿ ಅವನ್ನು ಅಳಿಸಿ, ನನ್ನ ಬಿಲ್‌ಬುಕ್ ಡಿಸೈನ್‌ಗಳನ್ನು ತುಂಬತೊಡಗಿತು. ಅವರ ಮನೆಯ ಕಂಪ್ಯೂಟರ್‌ನಲ್ಲಿ ಇನ್ನೊಂದು ಪ್ರತಿ ಇತ್ತು ಎಂಬುದು ನನ್ನ ಪುಣ್ಯ. ಬೈಸಿಕೊಂಡೆ. ಬ್ಯಾನರ್‌ಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ಬ್ಯಾಕಪ್ ಡಿಸ್ಕಿನಲ್ಲಿ 'ಇದು ಅಂಗಡಿಯ ಡಿಸ್ಕ್' ಎಂಬ ಹೆಸರಿನ ಒಂದು ಖಾಲಿ ಫೈಲ್ ಇಟ್ಟಿದ್ದೇನೆ. ಸ್ಕ್ರಿಪ್ಟ್ ಮೊದಲು ಅದನ್ನು ಹುಡುಕುತ್ತದೆ. ಸಿಗದಿದ್ದರೆ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಮಿರರ್ ಬಿಟ್ಟಿದ್ದೇನೆ, ಹಳೆಯದು ಜಾಸ್ತಿ ಉಳಿದರೂ ಪರವಾಗಿಲ್ಲ. ರೋಬೋಕಾಪಿಗೂ ಪ್ರೂಫ್ ತೆಗೆಯುವ ಆಯ್ಕೆ ಇದೆ. ಎಲ್ ಅಕ್ಷರ ಸೇರಿಸಿದರೆ ಪಟ್ಟಿ ಮಾತ್ರ ಕೊಡುತ್ತದೆ.

ಇಷ್ಟೆಲ್ಲ ತಾನೇ ಓಡಲು ಟಾಸ್ಕ್ ಶೆಡ್ಯೂಲರ್ ಇದೆ. ಲಿನಕ್ಸಿನವರಿಗೆ ಕ್ರಾನ್. ಪಾಠಗಳಲ್ಲಿ ರಾತ್ರಿ 2 ಗಂಟೆಗೆ ಇಡಿ ಎನ್ನುತ್ತಾರೆ. ನಮ್ಮ ಅಂಗಡಿಯಲ್ಲಿ ಆ ಹೊತ್ತಿಗೆ ಕಂಪ್ಯೂಟರ್ ಆಫ್. ನಾನು ಮಧ್ಯಾಹ್ನ 2 ಗಂಟೆಗೆ, ರೊಟ್ಟಿ ಊಟದ ಹೊತ್ತಿಗೆ ಇಟ್ಟಿದ್ದೇನೆ. ಕರೆಂಟ್ ಹೋಗಿ ಸಮಯ ತಪ್ಪಿದರೆ, ತಪ್ಪಿದ ಕೆಲಸವನ್ನು ಆದಷ್ಟು ಬೇಗ ಓಡಿಸು ಎಂಬ ಒಂದು ಟಿಕ್ ಅದರ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಹಾಕಿಕೊಳ್ಳಿ.

ಒಂದೇ ಫೋಟೋವನ್ನು ಮೂರು ಸಲ ಕಳಿಸುವ ಗಿರಾಕಿಗಳಿಗೂ ಉಪಾಯ ಇದೆ. ಶಾ-256 ಎಂಬ ಲೆಕ್ಕ ಫೈಲ್‌ನ ಒಳಗನ್ನೆಲ್ಲ ಓದಿ 64 ಅಕ್ಷರ, ಅಂಕಿಗಳ ಒಂದು ಹೆಬ್ಬೆಟ್ಟು ಗುರುತು ಕೊಡುತ್ತದೆ. ಗುರುತು ಒಂದೇ ಆದರೆ ಹೆಸರು ಏನೇ ಇರಲಿ, ಫೈಲ್ ಒಂದೇ. ಎಲ್ಲ ಫೈಲ್‌ಗೂ ಇದನ್ನು ಮಾಡಿದರೆ ಕಂಪ್ಯೂಟರ್ ತೆವಳುತ್ತದೆ. ಮೊದಲು ಗಾತ್ರ ಹೋಲಿಸಿ, ಗಾತ್ರ ಒಂದೇ ಆದವುಗಳಿಗೆ ಮಾತ್ರ ಮಾಡಿ. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದ್ದು ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದ್ದು ಹಾಗೇ ಬರುತ್ತದೆ. ಅವೆರಡರ ಗುರುತು ಬೇರೆ. ಅಚ್ಚಿಗೆ ಬೇಕಾದದ್ದು ಎರಡನೆಯದು.

ಸ್ಕ್ರಿಪ್ಟ್ ಬರೆಯುವ ಡೈರಿಯನ್ನು ಈಗ ಕಾಕಾ ಓದುತ್ತಾರೆ. ಪ್ರಿಂಟ್ ತೆಗೆದುಕೊಟ್ಟರೆ ಪೆನ್ಸಿಲ್ ಹಿಡಿದು ಪ್ರೂಫ್ ನೋಡಿದ ಹಾಗೆ ನೋಡುತ್ತಾರೆ. ಹೋದ ಶನಿವಾರ 'ಇತರೆ' ಫೋಲ್ಡರ್‌ನಲ್ಲಿ 'ಹೊಸದು (3)' ಉಳಿದಿತ್ತು. ತೆರೆದರೆ ಲಗ್ನಪತ್ರಿಕೆ. ಹುಡುಗಿಯ ಹೆಸರಿದೆ, ಅಡ್ಡಹೆಸರಿಲ್ಲ. ತಾರೀಖಿನ ಜಾಗ ಖಾಲಿ, ಊರೂ ಇಲ್ಲ. ಅರ್ಧಕ್ಕೆ ನಿಂತ ಕರಡು. ಕಾಕಾ ಪರದೆಯ ಹತ್ತಿರ ಬಂದು, ಅಂಚಿನ ಬಾಳೆಗಿಡದ ಚಿತ್ರ ನೋಡಿದರು.

"ಇದು ಮುಳಗುಂದ ನಾಕಾದವರದು. ಆ ಬಾಳೀಗಿಡ ಬ್ಯಾಡ ಅಂದಿದ್ರು, ನೀ ಮತ್ತ ಹಾಕಿದ್ದಿ. ಹೆಸರ ಬರಕೋ."

ಬರೆದುಕೊಂಡೆ. ಹೆಸರಿಟ್ಟು ಡೌನ್‌ಲೋಡ್ಸ್‌ಗೆ ಮರಳಿಸಿದೆ. ಎರಡು ಗಂಟೆಗೆ ಅದು ತನ್ನ ಖಾನೆಗೆ ಹೋಯಿತು.